ಒಬ್ಬನೇ ಹತ್ತು ಎಲೆ ಹಾಕಿಸಿಕೊಂಡರೆ? ಟೋಕನ್ ಬಹುಮಾನದ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಾವು ಪುಣೆಯಲ್ಲಿ ಓದಿದ ಮೂವರು ಗೆಳೆಯರು. ಇಬ್ಬರು ಹುಬ್ಬಳ್ಳಿಯವರು, ಒಬ್ಬ ಸೊಲ್ಲಾಪುರದವನು. ಇಂಜಿನಿಯರಿಂಗ್ ಹುಡುಗರು ಹಳೇ ಪಠ್ಯಪುಸ್ತಕ ಕೊಟ್ಟು ತಗೊಳ್ಳಲು ಒಂದು ಆ್ಯಪ್ ಮಾಡಿದ್ದೇವೆ. ಪುಸ್ತಕ ಕೈ ಬದಲಾದಾಗಲೆಲ್ಲ ಅದು ಪಾಲಿಗಾನ್ ಎಂಬ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಎಲ್ಲರಿಗೂ ಕಾಣುವ ಡಿಜಿಟಲ್ ಲೆಕ್ಕದ ಪುಸ್ತಕದಲ್ಲಿ, ದಾಖಲಾಗುತ್ತದೆ. ಬಳಕೆ ಹೆಚ್ಚಿಸಲು ನಮ್ಮದೇ ಟೋಕನ್ (ಡಿಜಿಟಲ್ ನಾಣ್ಯ) ತಂದು, ಒಂದು ತಿಂಗಳು ಪ್ರತಿ ಟ್ರಾನ್ಸಾಕ್ಷನ್‌ಗೆ 5 ಟೋಕನ್ ಕೊಡಬೇಕೆಂದಿದ್ದೇವೆ. ಒಟ್ಟು 1 ಲಕ್ಷ ಟೋಕನ್ ತೆಗೆದಿಟ್ಟಿದ್ದೇವೆ. ಅದನ್ನು ಹಂಚುವ ಕಾಂಟ್ರ್ಯಾಕ್ಟ್ (ಬ್ಲಾಕ್‌ಚೈನ್ ಮೇಲೆ ತಾನೇ ನಡೆಯುವ ಪ್ರೋಗ್ರಾಂ) ಹೇಗೆ ಬರೆಯಬೇಕು?
— ಕೋಥ್ರೂಡ್, ಪುಣೆ

ಉತ್ತರ: ಕಾಂಟ್ರ್ಯಾಕ್ಟ್ ಆಮೇಲೆ. ಮೊದಲು ಆ ‘ಪ್ರತಿ ಟ್ರಾನ್ಸಾಕ್ಷನ್‌ಗೆ’ ಅನ್ನೋದನ್ನು ಅಳಿಸಿಬಿಡಿ. ಪಾಲಿಗಾನ್‌ನಲ್ಲಿ ಗ್ಯಾಸ್ ಖರ್ಚು, ಅಂದರೆ ಟ್ರಾನ್ಸಾಕ್ಷನ್ ದಾಖಲಿಸಲು ಕಟ್ಟುವ ಶುಲ್ಕ, ತುಂಬ ಕಡಿಮೆ. ಅಲ್ಲಿ ಟ್ರಾನ್ಸಾಕ್ಷನ್ ಎಣಿಸಿ ಬಹುಮಾನ ಕೊಡುವುದೆಂದರೆ ಊಟದ ಪಂಕ್ತಿಯಲ್ಲಿ ಮುಖ ನೋಡದೆ ಎಲೆ ಎಣಿಸಿ ದಕ್ಷಿಣೆ ಕೊಟ್ಟ ಹಾಗೆ. ಒಬ್ಬನೇ ಹತ್ತು ಎಲೆ ಹಾಕಿಸಿಕೊಂಡು ಕೂರುತ್ತಾನೆ.

ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ ಅಂಧೇರಿಯ ಒಂದು ಸಣ್ಣ ಕಂಪನಿಗೆ ಇಂಥದ್ದೇ ಕ್ಯಾಂಪೇನ್ ಮಾಡಿಕೊಟ್ಟಿದ್ದೆ. ಮೊದಲ ವಾರ ಸಂಖ್ಯೆ ಏರಿದ್ದೇ ಏರಿದ್ದು, ಎಲ್ಲರಿಗೂ ಖುಷಿ. ಎರಡನೇ ವಾರ ಯಾಕೋ ಅನುಮಾನ ಬಂದು, ಪ್ರತಿ ವಾಲೆಟ್‌ಗೂ (ಟೋಕನ್ ಇಡುವ ಖಾತೆ) ಮೊದಲ ಗ್ಯಾಸ್ ಹಣ ಎಲ್ಲಿಂದ ಬಂತು ಅಂತ ಒಂದೊಂದೇ ನೋಡುತ್ತಾ ಕೂತೆ. ನೂರಾರು ವಾಲೆಟ್‌ಗಳಿಗೆ ಒಂದೇ ವಿಳಾಸದಿಂದ, ಕೆಲವೇ ನಿಮಿಷಗಳ ಅಂತರದಲ್ಲಿ ಹಣ ಬಂದಿತ್ತು, ಅಂದರೆ ಎಲ್ಲದರ ಹಿಂದೆ ಒಬ್ಬನೇ. ನಿಜವಾಗಿ ಬಳಸಿದವರ ಪಾಲು ಅವುಗಳ ನಡುವೆ ಕರಗಿಹೋಗಿತ್ತು. ಅವರಿಗೆ ಏನು ಉತ್ತರ ಹೇಳಬೇಕೋ ನನಗೆ ತಿಳಿಯಲಿಲ್ಲ, ಅದು ಇವತ್ತಿಗೂ ಬೇಜಾರು.

ದೊಡ್ಡವರ ಕಥೆಯಲ್ಲೂ ಇದೇ ಪಾಠ. 2020ರ ಸೆಪ್ಟೆಂಬರ್‌ನಲ್ಲಿ ಯುನಿಸ್ವಾಪ್ ಎಂಬ ಟೋಕನ್ ವಿನಿಮಯ ತಾಣ, ಆ ತಿಂಗಳ ಆರಂಭಕ್ಕೆ ಮೊದಲೇ ತನ್ನನ್ನು ಬಳಸಿದ್ದ ಪ್ರತಿ ವಾಲೆಟ್ ವಿಳಾಸಕ್ಕೆ 400 ಯುನಿ ಟೋಕನ್ ಕೊಟ್ಟಿತು. ಯಾರ‍್ಯಾರಿಗೆ, ಎಷ್ಟು ಅಂತ ಮೊದಲೇ ಸಾರಿರಲಿಲ್ಲ, ಹಾಗಾಗಿ ಸಿಕ್ಕಿದ್ದು ಬಹುಮಟ್ಟಿಗೆ ಬಳಸಿದವರಿಗೇ. 2022ರ ಜನವರಿಯಲ್ಲಿ ಲುಕ್ಸ್‌ರೇರ್ ಎಂಬ ಎನ್‌ಎಫ್‌ಟಿ (ಡಿಜಿಟಲ್ ವಸ್ತುವಿನ ಮಾಲೀಕತ್ವದ ಟೋಕನ್) ಮಾರುಕಟ್ಟೆ, ವಹಿವಾಟು ಮಾಡಿದಷ್ಟೂ ಟೋಕನ್ ಅಂದಿತು. ಜನ ತಮ್ಮದೇ ಎರಡು ವಾಲೆಟ್‌ಗಳ ನಡುವೆ ಅದದೇ ಎನ್‌ಎಫ್‌ಟಿಯನ್ನು ಕೊಂಡು ಮಾರಿ, ಮಾರಿ ಕೊಂಡು ಟೋಕನ್ ಬಾಚಿಕೊಂಡರು. ನಿಮ್ಮ ಆ್ಯಪ್‌ನಲ್ಲೂ ಇಬ್ಬರು ರೂಮ್‌ಮೇಟ್‌ಗಳು ಒಂದೇ ಗಣಿತದ ಪುಸ್ತಕವನ್ನು ರಾತ್ರಿಯಿಡೀ ಅತ್ತಿಂದಿತ್ತ ದಾಟಿಸಬಹುದು ಅಲ್ವಾ?

ಹಾಗಾದರೆ ಯಾವುದಕ್ಕೆ ಕೊಡಬೇಕು? ಕ್ಯಾಂಪೇನ್ ಮುಗಿದ ಮೇಲೂ ಯಾವ ಕೆಲಸ ನಡೆಯಲಿ ಅಂತ ನಿಮಗೆ ಆಸೆಯಿದೆಯೋ ಅದಕ್ಕೆ. ನಿಮ್ಮಲ್ಲಿ ಅದು ಪುಸ್ತಕ ನಿಜವಾಗಿ ಹೊಸಬರ ಕೈ ಸೇರುವುದು. ಪುಸ್ತಕದ ಒಂದೊಂದು ಪ್ರತಿಗೂ ಒಂದು ಕ್ಯೂಆರ್ ಚೀಟಿ ಅಂಟಿಸಿ. ನೇರವಾಗಿ ಟೋಕನ್ ಕೊಡದೆ ಮೊದಲು ಅಂಕ ಕೊಡಿ, ಆಮೇಲೆ ಅಂಕ ನೋಡಿ ಟೋಕನ್ ಹಂಚಿ. ಒಂದು ಪ್ರತಿಗೆ ಒಂದು ಸೆಮಿಸ್ಟರ್‌ನಲ್ಲಿ ಒಂದೇ ಸಲ ಅಂಕ ಸಿಗಲಿ. ಕೊಟ್ಟವರು ತಗೊಂಡವರು ಇಬ್ಬರೂ ಒಪ್ಪಿದ ಮೇಲೆ ಏಳು ದಿನ ಕಾದು, ತಕರಾರು ಇಲ್ಲದಿದ್ದರೆ ಮಾತ್ರ ಅಂಕ. ಅದೇ ಇಬ್ಬರ ನಡುವೆ ಎರಡನೇ ವ್ಯವಹಾರಕ್ಕೆ ಅಂಕ ಬೇಡ. ಅಪ್ಪಾ ಬಳವಂತ ಚೌಕಕ್ಕೆ ಹೋಗಿ ಹಳೇ ಪುಸ್ತಕದ ಅಂಗಡಿಯವರ ಜೊತೆ ಅರ್ಧ ದಿನ ಕೂತು ಬನ್ನಿ, ನಿಜವಾದ ಗಿರಾಕಿ ಹೇಗೆ ನಡೆದುಕೊಳ್ಳುತ್ತಾನೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

‘ಅಂಕದ ವರ್ಗಮೂಲ ತೆಗೆದು ಹಂಚಿ, ಆಗ ದೊಡ್ಡವರಿಗೇ ಎಲ್ಲಾ ಹೋಗೋದಿಲ್ಲ’ ಅಂತ ಯಾರಾದರೂ ಸಲಹೆ ಕೊಡಬಹುದು. ಹುಷಾರು. 100 ಅಂಕ ಇರುವವನಿಗೆ ಆಗ 10 ಪಾಲು. ಅವನೇ ನಾಲ್ಕು ವಾಲೆಟ್ ಮಾಡಿ 25ರಂತೆ ಹಂಚಿಕೊಂಡರೆ ಐದೈದರಂತೆ 20 ಪಾಲು! ಒಬ್ಬರಿಗೆ ಒಂದೇ ವಾಲೆಟ್ ಅನ್ನೋದು ಗಟ್ಟಿಯಾಗುವವರೆಗೆ ಈ ಲೆಕ್ಕ ಮೋಸಗಾರರಿಗೇ ಲಾಭ. ನಿಮಗೆ ಕಾಲೇಜಿನ ಇಮೇಲ್ ಇದೆ, ಅದನ್ನೇ ಬಳಸಿ. ಆದರೆ ಆ ಇಮೇಲನ್ನು ಬ್ಲಾಕ್‌ಚೈನ್ ಮೇಲೆ ಹಾಕಬೇಡಿ, ಅದರ ಹ್ಯಾಶ್ (ಸೂತ್ರ ಹಾಕಿ ತೆಗೆದ ಸಂಕೇತ) ಕೂಡ ಬೇಡ. ಎಷ್ಟೋ ಕಾಲೇಜುಗಳ ಇಮೇಲ್ ರೋಲ್ ನಂಬರ್ ಮೇಲೇ ಇರುತ್ತದೆ, ಸಾಲಾಗಿ ಊಹಿಸಿ ಹ್ಯಾಶ್ ಹೋಲಿಸಿದರೆ ಯಾರ ವಾಲೆಟ್ ಯಾವುದು ಅಂತ ಬಯಲಾಗುತ್ತದೆ.

ದರ ನಿಗದಿ ಮಾಡಬೇಡಿ, ರಾಶಿ ನಿಗದಿ ಮಾಡಿ. ವಾರಕ್ಕೆ 20,000ದಂತೆ ನಾಲ್ಕು ವಾರಕ್ಕೆ 80,000, ಅದನ್ನು ಆಯಾ ವಾರದ ಅಂಕದ ಪ್ರಕಾರ ಹಂಚಿ. ಉಳಿದ 20,000 ದೂರು ಬಂದಾಗ ಸರಿಪಡಿಸಲು ಇರಲಿ, ದೂರು ಬಂದೇ ಬರುತ್ತದೆ. ಯಾವ ಕೆಲಸಕ್ಕೆ ಅಂಕ ಅನ್ನೋದನ್ನು ಬಿಡಿಸಿ ಹೇಳಿ. ನಕಲಿ ವಾಲೆಟ್ ತೆಗೆದುಹಾಕುತ್ತೇವೆ ಅಂತಲೂ ಮೊದಲೇ ಹೇಳಿ. ಹೇಗೆ ಪತ್ತೆ ಮಾಡುತ್ತೀರಿ ಅನ್ನೋದನ್ನು ಮಾತ್ರ ಹೇಳಬೇಡಿ.

ಈಗ ಕಾಂಟ್ರ್ಯಾಕ್ಟ್. ನೀವೇ ಎಲ್ಲರಿಗೂ ಕಳಿಸುತ್ತಾ ಕೂರಬೇಡಿ. ವಿಳಾಸ ಮತ್ತು ಮೊತ್ತದ ಪಟ್ಟಿಯನ್ನು ಬ್ಲಾಕ್‌ಚೈನ್ ಹೊರಗೆ ತಯಾರಿಸಿ, ಅದರಿಂದ ಮರ್ಕಲ್ ಟ್ರೀ (ಇಡೀ ಪಟ್ಟಿಯನ್ನು ಒಂದೇ ಹ್ಯಾಶ್‌ಗೆ ಇಳಿಸುವ ಮರದಂಥ ರಚನೆ) ಕಟ್ಟಿ, ಅದರ ಬೇರನ್ನು, ಅಂದರೆ ಆ ಕೊನೇ ಹ್ಯಾಶನ್ನು ಮಾತ್ರ ಕಾಂಟ್ರ್ಯಾಕ್ಟ್‌ನಲ್ಲಿಡಿ. ಬಳಕೆದಾರರು ತಾವು ಪಟ್ಟಿಯಲ್ಲಿದ್ದೇವೆ ಎಂಬ ಪುರಾವೆ ತೋರಿಸಿ ತಮ್ಮ ಟೋಕನ್ ಕ್ಲೇಮ್ ಮಾಡುತ್ತಾರೆ. ಓಪನ್‌ಜೆಪ್ಪೆಲಿನ್ ಎಂಬ ಕೋಡ್ ಲೈಬ್ರರಿಯಲ್ಲಿ ಪುರಾವೆ ಪರೀಕ್ಷಿಸುವ ಸಿದ್ಧ ಕೋಡ್ ಇದೆ, ಅದನ್ನು ಸ್ವಂತ ಬರೆಯಲು ಹೋಗಬೇಡಿ. ಒಂದು ಪಟ್ಟಿಯಿಂದ ಒಬ್ಬರು ಒಮ್ಮೆ ಮಾತ್ರ ಪಡೆಯಬೇಕು, ಕೊನೇ ದಿನಾಂಕ ಇರಬೇಕು, ಉಳಿದದ್ದು ಮೂವರಲ್ಲಿ ಇಬ್ಬರ ಸಹಿ ಬೇಕಾಗುವ ಮಲ್ಟಿಸಿಗ್ ವಾಲೆಟ್‌ಗೆ ಮರಳಬೇಕು. ಒಬ್ಬ ಗೆಳೆಯನ ಲ್ಯಾಪ್‌ಟಾಪ್ ಮೇಲೆ ಎಲ್ಲಾ ನಿಂತಿರಬಾರದು.

ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡಬೇಡಿ. ಸಾಮಾನ್ಯವಾಗಿ ಟೋಕನ್‌ಗೆ 18 ದಶಮಾಂಶ ಸ್ಥಾನ. 5 ಟೋಕನ್ ಅಂದರೆ ಕಾಂಟ್ರ್ಯಾಕ್ಟ್‌ನಲ್ಲಿ 5ರ ಮುಂದೆ 18 ಸೊನ್ನೆ. ಎಕ್ಸೆಲ್ 15 ಅಂಕಿ ಮಾತ್ರ ನೆನಪಿಡುತ್ತದೆ, ಮುಂದಿನದ್ದು ಸೊನ್ನೆಯಾಗುತ್ತದೆ. ಹಂಚಿಕೆಯಲ್ಲಿ ಪೂರ್ತಿ ಸಂಖ್ಯೆ ಬರುವುದು ಅಪರೂಪ, ಮೊತ್ತ ತಪ್ಪಿದರೆ ಪುರಾವೆ ಹೊಂದುವುದಿಲ್ಲ, ಕ್ಲೇಮ್ ನಡೆಯುವುದಿಲ್ಲ. ಟೆಸ್ಟ್ ಮಾಡಲು ಅಮೋಯ್ ಟೆಸ್ಟ್‌ನೆಟ್ (ಪಾಲಿಗಾನ್‌ನ ಪ್ರಯೋಗದ ಜಾಲ) ಬಳಸಿ. ಹಳೇ ವಿಡಿಯೋಗಳಲ್ಲಿ ಇನ್ನೂ ‘ಮುಂಬೈ’ ಟೆಸ್ಟ್‌ನೆಟ್ ಅಂತಲೇ ಇರುತ್ತದೆ, ಅದು 2024ರ ಏಪ್ರಿಲ್‌ನಲ್ಲೇ ಮುಚ್ಚಿತು. ಇನ್ನೊಂದು, ಹುಡುಗರ ಬಳಿ ಗ್ಯಾಸ್‌ಗೆ ಬೇಕಾದ ಪೋಲ್ ಟೋಕನ್ ಇರೋದಿಲ್ಲ. ಆ ಖರ್ಚು ನೀವೇ ಭರಿಸುವ ವ್ಯವಸ್ಥೆ ಮಾಡಿ.

ಕೊನೆಗೆ, ಇದಕ್ಕೆ ಮಾರಾಟ ಮಾಡಬಹುದಾದ ಟೋಕನ್ನೇ ಬೇಕಾ? ನನ್ನ ಅಭಿಪ್ರಾಯ, ಬೇಡ. ಬೇರೆಯವರಿಗೆ ವರ್ಗಾಯಿಸಲಾಗದ, ಮುಂದಿನ ಪುಸ್ತಕಕ್ಕೆ ರಿಯಾಯಿತಿ ಕೊಡುವ ಟೋಕನ್ ಸಾಕು. ಬಾಚಿಕೊಂಡು ಮಾರಿ ಓಡುವವರು ಅಲ್ಲಿಗೇ ದೂರವಾಗುತ್ತಾರೆ. ತೆರಿಗೆಯ ವಿಷಯವೂ ಇದೆ. ಗಿಫ್ಟ್ ಕಾರ್ಡ್, ರಿವಾರ್ಡ್ ಪಾಯಿಂಟ್‌ಗಳನ್ನು ಸರ್ಕಾರ 2022ರ ಜೂನ್‌ನಲ್ಲಿ ವರ್ಚುವಲ್ ಡಿಜಿಟಲ್ ಆಸ್ತಿಯ (ಕ್ರಿಪ್ಟೋ, ಎನ್‌ಎಫ್‌ಟಿಗಳಿಗೆ ತೆರಿಗೆ ಕಾನೂನಿನಲ್ಲಿರುವ ಹೆಸರು) ಪಟ್ಟಿಯಿಂದ ಹೊರಗಿಟ್ಟಿದೆ. ನಿಮ್ಮದು ಅದರಲ್ಲಿ ಕೂರುತ್ತದೆಯೇ ಅಂತ ಶುರು ಮಾಡುವ ಮೊದಲೇ ಸಿಎ ಒಬ್ಬರಿಂದ ಬರಹದಲ್ಲಿ ತಗೊಳ್ಳಿ. ಮಾರುವ ಟೋಕನ್ನೇ ಅಂತಾದರೆ, ಕ್ರಿಪ್ಟೋ ಅನಿಯಂತ್ರಿತ, ಅಪಾಯ ಜಾಸ್ತಿ ಎಂಬ ಎಚ್ಚರಿಕೆ ಜಾಹೀರಾತಿನಲ್ಲಿ ಇರಲೇಬೇಕು. ಮುಂಬೈಯ ಜಾಹೀರಾತು ಮಾನದಂಡ ಮಂಡಳಿ 2022ರ ಏಪ್ರಿಲ್‌ನಿಂದ ಇದನ್ನು ತಂದಿದೆ.

ಪ್ರಶ್ನೆ: ನನ್ನ ಮಗ ಇನ್ನೂ ಓದುತ್ತಿದ್ದಾನೆ, ಬೇರೆ ಆದಾಯವಿಲ್ಲ. ಇಂಥ ಕ್ಯಾಂಪೇನ್ ಒಂದರಲ್ಲಿ ಸಿಕ್ಕ ಟೋಕನ್ ಮಾರಿ ಸ್ವಲ್ಪ ಹಣ ಪಡೆದ. ತೆರಿಗೆ ಕಟ್ಟಬೇಕಾ?
— ಮಡಗಾಂವ್, ಗೋವಾ

ಉತ್ತರ: ಲಾಭವಿದ್ದರೆ ಕಟ್ಟಬೇಕು, ತಾಯಿ. 2022ರ ಏಪ್ರಿಲ್‌ನಿಂದ ಇಂಥ ಆಸ್ತಿಯ ಮಾರಾಟದ ಲಾಭಕ್ಕೆ ನೇರ ಶೇ. 30, ಸೆಸ್ ಬೇರೆ. ಬೇರೆ ಆದಾಯ ಇಲ್ಲ, ಮಿತಿಯೊಳಗೇ ಇದ್ದೇವೆ ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ. ಒಂದು ಟೋಕನ್‌ನಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಆಗೋದಿಲ್ಲ. ಮಾರುವಾಗ ಶೇ. 1 ಟಿಡಿಎಸ್ ಹಿಡಿದಿದ್ದರೆ ರಿಟರ್ನ್ ಸಲ್ಲಿಸುವಾಗ ಅದು ಲೆಕ್ಕಕ್ಕೆ ಸಿಗುತ್ತದೆ. ಟೋಕನ್ ಕೈಗೆ ಬಂದ ದಿನ ಅದರ ಬೆಲೆ ಎಷ್ಟಿತ್ತು, ಮಾರಿದ ದಿನ ಎಷ್ಟಿತ್ತು, ಎರಡನ್ನೂ ಬರೆದಿಡಲು ಹೇಳಿ, ಬಂದ ದಿನದ ಬೆಲೆಯೂ ಆದಾಯವೆಂದು ಲೆಕ್ಕವಾಗಬಹುದು. ಆ ಎರಡು ಅಂಕಿ ಇದ್ದರೆ ಸಿಎ ಕೆಲಸ ಸುಲಭ.

ಪ್ರಶ್ನೆ: ‘ನಿಮಗೆ ಉಚಿತ ಟೋಕನ್ ಬಂದಿದೆ, ಕ್ಲೇಮ್ ಮಾಡಿ’ ಅಂತ ಟೆಲಿಗ್ರಾಂನಲ್ಲಿ ಲಿಂಕ್ ಬಂತು. ಒತ್ತಿ ವಾಲೆಟ್ ಜೋಡಿಸಿಬಿಟ್ಟೆ. ಈಗ ಭಯವಾಗುತ್ತಿದೆ.
— ಡೊಂಬಿವಲಿ

ಉತ್ತರ: ಬರೀ ಜೋಡಿಸಿದ್ದರೆ ವಿಳಾಸ ಕಂಡಿರುತ್ತದೆ, ಅಷ್ಟೇ. ಅದಾದ ಮೇಲೆ ಏನಾದರೂ ಸಹಿ ಮಾಡಿದಿರಾ, ‘ಅಪ್ರೂವ್’ ಒತ್ತಿದಿರಾ ಅನ್ನೋದು ಮುಖ್ಯ. ಒತ್ತಿದ್ದರೆ ಈಗಲೇ ಹೊಸ ವಾಲೆಟ್ ತೆರೆದು ಉಳಿದದ್ದನ್ನೆಲ್ಲ ಅಲ್ಲಿಗೆ ಸಾಗಿಸಿ, ಆಮೇಲೆ ಪಾಲಿಗಾನ್‌ಸ್ಕ್ಯಾನ್‌ನಂಥ ಎಕ್ಸ್‌ಪ್ಲೋರರ್‌ನಲ್ಲಿ (ಬ್ಲಾಕ್‌ಚೈನ್ ದಾಖಲೆ ತೋರಿಸುವ ತಾಣ) ಹಳೇ ವಾಲೆಟ್ ಕೊಟ್ಟ ಅನುಮತಿಗಳನ್ನು ರದ್ದು ಮಾಡಿ. ವಾಲೆಟ್ಟಿನ ಕೀಲಿಯಾದ ಗುಪ್ತ ಪದಗಳ ಸಾಲನ್ನು (ಸೀಡ್ ಫ್ರೇಸ್) ಅಲ್ಲಿ ಟೈಪ್ ಮಾಡಿದ್ದರೆ ಅನುಮತಿ ರದ್ದು ಮಾಡಿ ಪ್ರಯೋಜನವಿಲ್ಲ, ಆ ವಾಲೆಟ್ಟನ್ನೇ ಬಿಟ್ಟುಬಿಡಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಟ್ರಾನ್ಸಾಕ್ಷನ್ ಸಂಖ್ಯೆ ಮತ್ತು ಆ ಚಾಟ್‌ನ ಸ್ಕ್ರೀನ್‌ಶಾಟ್ ಕೈಯಲ್ಲಿಟ್ಟುಕೊಳ್ಳಿ. ನಾಲ್ಕೇ ದಿನದಲ್ಲಿ ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಫೀ ಕೊಡಿ’ ಅಂತ ಇನ್ನೊಬ್ಬ ಬರಬಹುದು. ಅವನಿಗೆ ಒಂದು ಪೈಸೆಯನ್ನೂ ಕೊಡಬೇಡಿ.