ಕಿಸೆ ಚಾಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ದಿನವೂ ಜೊತೆಗಿಟ್ಟುಕೊಳ್ಳುವ ಮಡಚುವ ಚಾಕುವಿನ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಬ್ಯಾಡಗಿ ಮಾರ್ಕೆಟ್ಟಿನಾಗ ದಲಾಲಿ ಅಂಗಡಿ ಕೆಲಸ ನಂದು. ದಿನಾ ಗೋಣಿಚೀಲದ ಹೊಲಿಗಿ ಬಿಚ್ಚಬೇಕು, ಸುತಳಿ ಕೊಯ್ಯಬೇಕು, ಮಧ್ಯಾಹ್ನ ಬುತ್ತಿ ಜೋಡಿ ಸೌತೀಕಾಯಿ, ಉಳ್ಳಾಗಡ್ಡಿ ಹೆಚ್ಚಬೇಕು. ಅಂಗಡಿಯವರು ದಪ್ಪನ ದೊಡ್ಡ ಚಾಕು ತೋರಿಸಿ ‘ಇದೇ ಗಟ್ಟಿ’ ಅಂತಾರ. ಯಾವುದು ತಗೊಳ್ಳಲಿ?
— ಓದುಗರು, ಬ್ಯಾಡಗಿ

ಉತ್ತರ: ದಪ್ಪ ಅಲಗು ಬೇಡ. ಬಾಯಿ ಹರಿತವಿದ್ದರಷ್ಟೇ ಸಾಲದು, ಬಾಯಿಯ ಹಿಂದಿನ ಉಕ್ಕೂ ತೆಳುವಾಗಿರಬೇಕು. ಬೆನ್ನು 4 ಮಿ.ಮೀ. ದಪ್ಪವಿರುವ ಅಲಗನ್ನು ಎಷ್ಟೇ ಮಸೆದರೂ ಅದು ಸೌತೆಕಾಯಿಯನ್ನು ಕೊಯ್ಯುವುದಿಲ್ಲ, ಬೆಣೆ ಹೊಡೆದಂತೆ ಸೀಳುತ್ತದೆ. ನಿಮಗೆ 7ರಿಂದ 8 ಸೆಂ.ಮೀ. ಉದ್ದ, ಬೆನ್ನಿನಲ್ಲಿ 2ರಿಂದ 2.5 ಮಿ.ಮೀ. ದಪ್ಪದ ಅಲಗು ಸಾಕು. ಹಿಡಿ ಮಾತ್ರ ತುಂಬ ಸಣ್ಣದಾಗಬಾರದು. ಮುಷ್ಟಿಯಲ್ಲಿ ನಾಲ್ಕೂ ಬೆರಳು ಕೂಡಬೇಕು.

ಅಲಗಿನ ಆಕಾರವನ್ನೂ ನೋಡಿ. ಬಾಯಿ ನೇರವಾಗಿದ್ದು, ಬೆನ್ನು ತುದಿಯ ಕಡೆ ಬಾಗಿ ಇಳಿದಿರುವ ಚಾಕು ಚೀಲದ ಕೆಲಸಕ್ಕೆ ಬಹಳ ಒಳ್ಳೆಯದು. ತುದಿ ಹೊಲಿಗೆಯ ಕೆಳಗೆ ಸಲೀಸಾಗಿ ಹೋಗುತ್ತದೆ, ಒಳಗಿನ ಕಾಯಿಗೆ ಚುಚ್ಚುವುದಿಲ್ಲ. ಯಂತ್ರದಿಂದ ಹೊಲಿದ ಚೀಲವಾದರೆ ಪೂರ್ತಿ ಕೊಯ್ಯುವ ಕೆಲಸವೇ ಇಲ್ಲ. ಅದು ಸರಪಳಿ ಹೊಲಿಗೆ. ಒಂದು ತುದಿ ಕೊಯ್ದು ದಾರ ಎಳೆದರೆ ಉದ್ದಕ್ಕೂ ಬಿಚ್ಚಿಕೊಳ್ಳುತ್ತದೆ. ಬಿಚ್ಚದಿದ್ದರೆ ಇನ್ನೊಂದು ತುದಿಯಿಂದ ಎಳೆಯಿರಿ.

ನಿಮಗೆ ಲಾಕ್ ಇರುವ ಚಾಕುವೇ ಬೇಕು. ಲಾಕ್ ಇಲ್ಲದ ಚಾಕುವಿನಲ್ಲಿ ಅಲಗನ್ನು ತೆರೆದು ನಿಲ್ಲಿಸುವುದು ಬರೀ ಸ್ಪ್ರಿಂಗಿನ ಒತ್ತಡ. ಹಣ್ಣು ಹೆಚ್ಚಲು ಅಷ್ಟು ಸಾಕು. ಆದರೆ ಗೋಣಿಗೆ ತುದಿ ಚುಚ್ಚುವಾಗ ಅಲಗು ಹಿಂದಕ್ಕೆ ಮಡಚಿಕೊಂಡರೆ ನೇರ ಬೆರಳಿನ ಮೇಲೆ ಬೀಳುತ್ತದೆ. ಕೊಳ್ಳುವಾಗ ಚಾಕು ತೆರೆದು, ಬೆರಳುಗಳನ್ನು ಅಲಗಿನ ದಾರಿಯಿಂದ ಆಚೆ ಇಟ್ಟು, ಅಲಗಿನ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಲಾಕ್ ಸ್ವಲ್ಪ ಜಾರಿದರೂ ಬೇಡ ಅನ್ನಿ. ಆಮೇಲೆ ಅಲಗನ್ನು ಎಡಕ್ಕೆ ಬಲಕ್ಕೆ ಅಲುಗಾಡಿಸಿ. ಹೊಸ ಚಾಕು ಟಕಟಕ ಅನ್ನಬಾರದು. ಕೊನೆಗೆ ಮಡಚಿ ಮೇಲಿನಿಂದ ನೋಡಿ: ಅಲಗು ಹಿಡಿಯ ಎರಡು ಬದಿಯ ನಡುವೆ ಕೂಡಬೇಕು, ಒಂದು ಬದಿಗೆ ತಾಗುತ್ತಿದ್ದರೆ ಬಾಯಿ ಅಲ್ಲೇ ಸವೆಯುತ್ತದೆ.

ಗರಗಸದ ಹಲ್ಲಿನ ಬಾಯಿ ಸುತಳಿಗೆ ಚೆನ್ನ, ಆದರೆ ಮೊಂಡಾದ ಮೇಲೆ ಮನೆಯ ಚಪ್ಪಟೆ ಕಲ್ಲಿನಲ್ಲಿ ಅದನ್ನು ಮಸೆಯಲು ಬರುವುದಿಲ್ಲ. ಸಾದಾ ಬಾಯಿಯನ್ನೇ ಆರಿಸಿ.

ಪ್ರಶ್ನೆ: ಸ್ಟೇನ್‌ಲೆಸ್ ಒಳ್ಳೆಯದೋ, ಕಾರ್ಬನ್ ಉಕ್ಕೋ? ಅಲಗಿನ ಮೇಲೆ 420, 8ಸಿಆರ್13, ಡಿ2 ಎಂದೆಲ್ಲ ಬರೆದಿರುತ್ತಾರೆ. ವಿಕ್ಟೊರಿನಾಕ್ಸ್, ಒಪಿನೆಲ್ ಕಂಪನಿಗಳ ಚಾಕುಗಳಲ್ಲಿ ಯಾವುದು?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಕ್ರೋಮಿಯಂ ಶೇ 10.5ಕ್ಕಿಂತ ಹೆಚ್ಚಿದ್ದರೆ ಸ್ಟೇನ್‌ಲೆಸ್ ಅನ್ನುತ್ತಾರೆ. ನೀವು ಬರೆದ ಅಂಕಿಗಳೆಲ್ಲ ಉಕ್ಕಿನ ಜಾತಿಯ ಹೆಸರು. 420 ಮೆದು ಜಾತಿ: ಜಂಗು ಹಿಡಿಯುವುದು ಕಡಿಮೆ, ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. 8ಸಿಆರ್13ರಲ್ಲಿ ಇಂಗಾಲ ಶೇ 0.8ರಷ್ಟು, ಕ್ರೋಮಿಯಂ ಶೇ 13ರಷ್ಟು. ಕಡಿಮೆ ಬೆಲೆಗೆ ಹೊಂದಿಕೊಳ್ಳುವ ಉಕ್ಕು. ಡಿ2ರಲ್ಲಿ ಇಂಗಾಲ ಶೇ 1.5ರಷ್ಟಿದ್ದು ಹರಿತ ಬಹಳ ದಿನ ನಿಲ್ಲುತ್ತದೆ. ಆದರೆ ಅದರ ಕ್ರೋಮಿಯಂನ ದೊಡ್ಡ ಪಾಲು ಇಂಗಾಲದ ಜೊತೆ ಸೇರಿ ಗಟ್ಟಿ ಕಣಗಳಾಗಿಬಿಡುವುದರಿಂದ ಒದ್ದೆಯಲ್ಲಿ ಜಂಗು ಹಿಡಿಯುತ್ತದೆ, ಮಸೆಯಲು ಕೈ ಸೋಲುತ್ತದೆ. ಮೊದಲ ಚಾಕುವಿಗೆ ಡಿ2 ಬೇಡ. ಕಾರ್ಬನ್ ಉಕ್ಕು ಮಸೆಯಲು ಹಿತ, ಆದರೆ ಒಂದು ಲಿಂಬೆಹಣ್ಣು ಹೆಚ್ಚಿ ಒರೆಸದೆ ಬಿಟ್ಟರೆ ಕಪ್ಪಾಗುತ್ತದೆ. ಧಾರವಾಡ ಕಡೆಯ ಜಿಟಿಜಿಟಿ ಮಳೆಯಲ್ಲಿ ಓಡಾಡುವವರಿಗೆ ಸ್ಟೇನ್‌ಲೆಸ್ಸೇ ಸರಿ.

ವಿಕ್ಟೊರಿನಾಕ್ಸ್ 1897ರಿಂದ ಮಾಡುತ್ತ ಬಂದಿರುವ ಸ್ವಿಸ್ ಅಧಿಕಾರಿ ಚಾಕುವಿನ 91 ಮಿ.ಮೀ. (ಮಡಚಿದಾಗಿನ ಉದ್ದ) ಮಾದರಿಗಳಲ್ಲಿ ಅಲಗು ತೆಳು, ಜೊತೆಗೆ ಸ್ಕ್ರೂಡ್ರೈವರ್, ಡಬ್ಬಿ ತೆರೆಯುವ ಸಾಧನ. ಈ ಮಾದರಿಗಳಲ್ಲಿ ಮುಖ್ಯ ಅಲಗಿಗೆ ಲಾಕ್ ಇರುವುದಿಲ್ಲ. ಆಫೀಸಿಗೆ, ಪ್ರಯಾಣಕ್ಕೆ ಇದನ್ನು ಕಣ್ಣು ಮುಚ್ಚಿ ಕೊಳ್ಳಬಹುದು. ಒಪಿನೆಲ್ 8ನೇ ನಂಬರಿನ ಅಲಗು 8.5 ಸೆಂ.ಮೀ.; ತಿರುಗಿಸುವ ಉಂಗುರದ ಲಾಕ್ 1955ರಿಂದ ಬಂತು. ತರಕಾರಿಗೆ ಇದರಷ್ಟು ಹಿತವಾದ ಕಿಸೆ ಚಾಕು ಕಡಿಮೆ. ಕಟ್ಟಿಗೆಯ ಹಿಡಿ ಮಳೆಗಾಲದಲ್ಲಿ ಉಬ್ಬಿ ಅಲಗನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಆಗ ಉಗುರಿನಿಂದ ಜಗ್ಗಬೇಡಿ. ಒಣ ಜಾಗದಲ್ಲಿ ಒಂದೆರಡು ದಿನ ಇಡಿ, ತಾನೇ ಸಡಿಲವಾಗುತ್ತದೆ.

ಪ್ರಶ್ನೆ: ಸಾಣೆ ಹಿಡಿಯುವವರಿಗೆ ಚಾಕು ಕೊಟ್ಟೆ. ಎರಡೇ ದಿನಕ್ಕೆ ಮೊಂಡಾಯಿತು, ತುದಿಯ ಹತ್ತಿರ ನೀಲಿ ಕಲೆ ಬಿದ್ದಿದೆ. ಏನಾಗಿದೆ? ಮನೆಯಲ್ಲೇ ಮಸೆಯುವುದು ಹೇಗೆ?
— ಓದುಗರು, ಬೆಟಗೇರಿ, ಗದಗ

ಉತ್ತರ: ನೀಲಿ ಕಲೆ ಉಕ್ಕು ಸುಟ್ಟ ಗುರುತು. ಒಣ ಚಕ್ರಕ್ಕೆ ಅಲಗನ್ನು ಒತ್ತಿ ಹಿಡಿದಾಗ ತೆಳುವಾದ ಬಾಯಿ ಕ್ಷಣದಲ್ಲಿ ಸುಮಾರು 300 ಡಿಗ್ರಿ ಮುಟ್ಟುತ್ತದೆ, ಕಾರ್ಖಾನೆಯಲ್ಲಿ ಕೊಟ್ಟ ಹದ ಇಳಿದು ಉಕ್ಕು ಮೆದುವಾಗುತ್ತದೆ. ಕಲೆ ಬಾಯಿಯ ಅಂಚಿಗಷ್ಟೇ ಇದ್ದರೆ ಕೈಯಲ್ಲಿ ಮಸೆಯುತ್ತ ಹೋಗಿ. ಸುಟ್ಟ ಭಾಗ ಸವೆದ ಮೇಲೆ ಗಟ್ಟಿ ಉಕ್ಕು ಸಿಗುತ್ತದೆ. ಅಲಗಿನ ಅರ್ಧಕ್ಕೆ ಏರಿದ್ದರೆ ಮನೆಯಲ್ಲಿ ಉಪಾಯವಿಲ್ಲ.

ಒಂದು ಬದಿ 400, ಇನ್ನೊಂದು ಬದಿ 1000 ಗ್ರಿಟ್ (ಅಂಕಿ ಹೆಚ್ಚಿದಷ್ಟೂ ಕಲ್ಲು ನುಣುಪು) ಇರುವ ಕಲ್ಲು ಸಾಕು. ನೀರಿನ ಕಲ್ಲಾದರೆ ಹತ್ತು ನಿಮಿಷ ನೆನೆಸಿ, ಕೆಳಗೆ ಒದ್ದೆ ಬಟ್ಟೆ ಹಾಕಿ ಜಾರದಂತೆ ಇಡಿ. ಅಲಗು 2 ಸೆಂ.ಮೀ. ಅಗಲವಿದ್ದರೆ ಬೆನ್ನು ಕಲ್ಲಿನಿಂದ ಸುಮಾರು 6 ಮಿ.ಮೀ. ಮೇಲಿರಲಿ, ಅಂದರೆ ಪೆನ್ಸಿಲಿನ ದಪ್ಪಕ್ಕಿಂತ ತುಸು ಕಡಿಮೆ. ಆಗ ಕೋನ 17 ಡಿಗ್ರಿಯಷ್ಟು ಬರುತ್ತದೆ. 400ರ ಬದಿಯಲ್ಲಿ ಒಂದೇ ಮಗ್ಗುಲನ್ನು ಮಸೆಯುತ್ತಿರಿ. ಆಗಾಗ ನಿಲ್ಲಿಸಿ, ಎದುರು ಮಗ್ಗುಲಲ್ಲಿ ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆ ಅಡ್ಡಲಾಗಿ ಎಳೆದು ಅಂಚಿನಾಚೆ ಜಾರಿಸಿ ನೋಡಿ (ಬಾಯಿಯ ಉದ್ದಕ್ಕೆ ಎಂದೂ ಎಳೆಯಬೇಡಿ). ಅಂಚಿನಲ್ಲಿ ಕೂದಲೆಳೆಯಂಥ ತರಕು, ಅಂದರೆ ಮಸೆದಾಗ ಎದುರು ಮಗ್ಗುಲಿಗೆ ಮಡಚಿ ನಿಲ್ಲುವ ಉಕ್ಕಿನ ಎಳೆ, ಬೆರಳಿಗೆ ಸಿಕ್ಕಬೇಕು. ಬುಡದಿಂದ ತುದಿಯವರೆಗೆ ಆ ತರಕು ಬರುವ ಮೊದಲೇ ಮಗ್ಗುಲು ಬದಲಿಸುವುದರಿಂದಲೇ ಹೆಚ್ಚಿನವರ ಚಾಕು ಹರಿತವಾಗುವುದಿಲ್ಲ. ಇನ್ನೊಂದು ಮಗ್ಗುಲಿಗೂ ಹೀಗೇ ಮಾಡಿ, ಆಮೇಲೆ 1000ರ ಬದಿಯಲ್ಲಿ ಒತ್ತಡ ಹಾಕದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯಿರಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ, ಬಾಯಿ ಹಿಂದಿರುವಂತೆ, ಹತ್ತು ಹದಿನೈದು ಸಲ ಎಳೆದರೆ ಉಳಿದ ತರಕು ಬಿದ್ದುಹೋಗುತ್ತದೆ. ಪತ್ರಿಕೆಯ ಹಾಳೆ ತಡೆಯದೆ ಕೊಯ್ದರೆ ಕೆಲಸ ಮುಗಿಯಿತು. ಸುತಳಿ ಕೊಯ್ಯುವವರು 1000ಕ್ಕೇ ನಿಲ್ಲಿಸಿ. ಇನ್ನೂ ನುಣುಪು ಮಾಡಿದರೆ ಬಾಯಿ ನಾರಿನ ಮೇಲೆ ಜಾರುತ್ತದೆ.

ಪ್ರಶ್ನೆ: ಇದೇ ಚಾಕುವಿನಿಂದ ಮಾವಿನ ಕಸಿ ಕಟ್ಟಬಹುದೇ?
— ಓದುಗರು, ಹಾನಗಲ್

ಉತ್ತರ: ಬೇಡ. ಕಸಿ ಚಾಕುವಿಗೆ ಒಂದೇ ಮಗ್ಗುಲಿನಲ್ಲಿ ಇಳಿಜಾರು, ಇನ್ನೊಂದು ಮಗ್ಗುಲು ಚಪ್ಪಟೆ. ಹಾಗಾಗಿ ಕೊಯ್ತ ಸಮತಟ್ಟಾಗಿ ಬಂದು ಎರಡೂ ಕಡ್ಡಿಯ ತೊಗಟೆಯ ಕೆಳಗಿನ ಹಸಿರು ಪದರ ಒಂದಕ್ಕೊಂದು ಕೂಡುತ್ತದೆ. ಆ ಚಾಕುವನ್ನು ಬೇರೆ ಯಾವುದಕ್ಕೂ ಬಳಸಬೇಡಿ, ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್‌ನಿಂದ ಒರೆಸಿ.

ಪ್ರಶ್ನೆ: ಕಾಲೇಜಿಗೆ ಹೋಗುವ ಮಗಳ ಬ್ಯಾಗಿನಲ್ಲಿ ಚಾಕು ಇಡಬಹುದೇ? ಕಾನೂನು ಏನು?
— ಓದುಗರು, ಧಾರವಾಡ

ಉತ್ತರ: ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದು, ಮನೆ, ಹೊಲ, ಕಾರ್ಖಾನೆಯ ಕೆಲಸಕ್ಕೆ ಮಾಡಿದ್ದಲ್ಲದಿದ್ದರೆ ಶಸ್ತ್ರಾಸ್ತ್ರ ನಿಯಮಗಳು ಅದನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಕಿಸೆ ಚಾಕು ಅಷ್ಟು ದೊಡ್ಡದಿರುವುದಿಲ್ಲ. ಆದರೂ ಪರೀಕ್ಷಾ ಕೊಠಡಿ, ನ್ಯಾಯಾಲಯಕ್ಕೆ ಒಯ್ಯಬೇಡಿ, ಪೊಲೀಸರ ನಿಷೇಧಾಜ್ಞೆ ಇರುವ ದಿನಗಳಲ್ಲಿ ಮನೆಯಲ್ಲೇ ಬಿಡಿ. ಹುಬ್ಬಳ್ಳಿಯಿಂದ ವಿಮಾನ ಹತ್ತುವಾಗ ಅದು ಚೆಕ್-ಇನ್ ಬ್ಯಾಗಿನಲ್ಲಿರಬೇಕು. ಗುಂಡಿ ಒತ್ತಿದರೆ ಚಿಮ್ಮುವ ಚಾಕು ಕೊಳ್ಳಲೇಬೇಡಿ. ಆತ್ಮರಕ್ಷಣೆಗೆಂದು ಕೊಡುವ ಯೋಚನೆಯಿದ್ದರೆ ದಯವಿಟ್ಟು ಬಿಡಿ; ಜಗ್ಗಾಟದಲ್ಲಿ ಅದು ಎದುರಿನವನ ಕೈಸೇರುವ ಅಪಾಯವೇ ಹೆಚ್ಚು. ಹಣ್ಣು ಹೆಚ್ಚಲು, ಪಾರ್ಸೆಲ್ ಬಿಚ್ಚಲು ಆದರೆ ಸಣ್ಣ ಸ್ವಿಸ್ ಚಾಕು ಸಾಕು.

ಪ್ರಶ್ನೆ: ಚಾಕು ತೆರೆಯಲು ಬಿಗಿಯಾಗಿದೆ. ಶೇಂಗಾ ಎಣ್ಣೆ ಹಾಕಿದೆ, ಇನ್ನೂ ಬಿಗಿಯಾಯಿತು.
— ಓದುಗರು, ಶಿಗ್ಗಾಂವಿ

ಉತ್ತರ: ಅಡುಗೆ ಎಣ್ಣೆ ಗಾಳಿಗೆ ಅಂಟಾಗಿ, ಕಿಸೆಯ ಧೂಳು, ನೂಲೆಳೆ ಹಿಡಿದುಕೊಂಡು ಕೀಲಿನಲ್ಲಿ ಗಟ್ಟಿಯಾಗುತ್ತದೆ. ಪ್ಲಾಸ್ಟಿಕ್ ಅಥವಾ ಲೋಹದ ಹಿಡಿಯಾದರೆ ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಅದರಲ್ಲೇ ನಾಲ್ಕಾರು ಸಲ ತೆರೆದು ಮಡಚಿ. ಕೀಲಿನ ಸಂದಿಯನ್ನು ಹಳೆಯ ಬ್ರಷ್‌ನಿಂದ ಉಜ್ಜಿ, ಲಾಕ್ ಕೂಡುವ ಜಾಗದ ಕೊಳೆಯನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ. ಅಲ್ಲಿ ಕೊಳೆ ಉಳಿದರೆ ಲಾಕ್ ಪೂರ್ತಿ ಕೂಡುವುದಿಲ್ಲ. ಚೆನ್ನಾಗಿ ಒಣಗಿದ ಮೇಲೆ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ, ಹೆಚ್ಚಾದುದನ್ನು ಒರೆಸಿ, ಆಹಾರ ಮುಟ್ಟುವ ಮೊದಲು ಅಲಗನ್ನು ಮತ್ತೊಮ್ಮೆ ಸೋಪಿನಿಂದ ತೊಳೆಯಿರಿ. ಕಟ್ಟಿಗೆ ಹಿಡಿಯನ್ನು ನೀರಿನಲ್ಲಿ ಮುಳುಗಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.