ಹಳೆಯ ನಕ್ಷೆಗಳನ್ನು ಗ್ರಂಥಾಲಯ ಇಟ್ಟುಕೊಳ್ಳಬೇಕೆ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಕಾಲೇಜೊಂದರ ಗ್ರಂಥಪಾಲಕಿ. ಭೂಗೋಳ ವಿಭಾಗದವರು ಕೊಠಡಿ ತೆರವು ಮಾಡುವಾಗ ನಕ್ಷೆಗಳಿರುವ ಟ್ರಂಕೊಂದನ್ನು ನಮಗೆ ಒಪ್ಪಿಸಿದ್ದಾರೆ. ಹೆಚ್ಚಿನವು ಸರ್ವೆ ಆಫ್ ಇಂಡಿಯಾದ ಹಾಳೆಗಳು, ಕೆಲವು ಗ್ರಾಮ ನಕಾಶೆಗಳು. ಹಲವು ಮಡಿಕೆಗಳಲ್ಲಿ ಹರಿದಿವೆ. ಹೊಸ ಹಾಳೆಗಳು ಅಂತರ್ಜಾಲದಲ್ಲೇ ಸಿಗುವಾಗ ಇವು ಬೇಕೆ? ಬೇಕಾದರೆ ಲ್ಯಾಮಿನೇಷನ್ ಮಾಡಿಸಬಹುದೆ?

ಉತ್ತರ: ದಯವಿಟ್ಟು ಒಂದು ಹಾಳೆಯನ್ನೂ ರದ್ದಿಗೆ ಹಾಕಬೇಡಿ. ನಿಮ್ಮ ತಾಲ್ಲೂಕಿನಲ್ಲಂತೂ ಹಳೆಯ ನಕ್ಷೆಗೆ ಹೊಸದು ಬದಲಿಯಾಗುವುದೇ ಇಲ್ಲ. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಅದಕ್ಕೂ ಮೊದಲು ಅಳತೆಯಾದ, ಒಂದು ಇಂಚಿಗೆ ಒಂದು ಮೈಲಿಯ ಹಾಳೆ ನಿಮ್ಮ ಟ್ರಂಕಿನಲ್ಲಿದ್ದರೆ, ಹೊಸ ಹಾಳೆಗಳಲ್ಲಿ ಅಣೆಕಟ್ಟಿನ ಹಿನ್ನೀರೆಂದು ಬರೀ ನೀಲಿ ಬಣ್ಣ ತುಂಬಿರುವ ಜಾಗದಲ್ಲಿ ಶರಾವತಿಯ ಹರಿವು, ದಾರಿಗಳು, ಊರುಗಳ ಹೆಸರುಗಳು ಕಾಣುತ್ತವೆ.

ಆದ್ದರಿಂದ ದಾಖಲೆ ಮಾಡುವಾಗ ಪುಸ್ತಕದ ರೂಢಿಯಂತೆ ಶೀರ್ಷಿಕೆಯನ್ನಷ್ಟೇ ಬರೆದು ಬಿಡಬೇಡಿ. ಹಾಳೆಯ ಸಂಖ್ಯೆ, ಸ್ಕೇಲು, ಅಂಚಿನ ಅಕ್ಷಾಂಶ ರೇಖಾಂಶಗಳು, ಇವೆಲ್ಲಕ್ಕಿಂತ ಮುಖ್ಯವಾಗಿ ಅಳತೆ ನಡೆದ ವರ್ಷ ಮತ್ತು ಮುದ್ರಣದ ವರ್ಷವನ್ನು ಬೇರೆಬೇರೆಯಾಗಿ ಬರೆಯಿರಿ. ಮುದ್ರಣದ ವರ್ಷವನ್ನಷ್ಟೇ ನಂಬಿದ ಸಂಶೋಧಕರು ಆ ವೇಳೆಗಾಗಲೇ ಇಲ್ಲದ ಊರನ್ನು ಇದೆಯೆಂದು ತಿಳಿಯುವ ಅಪಾಯವಿದೆ. ಸಂಖ್ಯೆಯ ಕ್ರಮವನ್ನು ಬೆಂಗಳೂರಿನ 57 ಎಚ್/9 ಹಾಳೆಯಿಂದ ತಿಳಿಯಬಹುದು. 57 ಎಂಬುದು ನಾಲ್ಕು ಡಿಗ್ರಿ ಉದ್ದ, ನಾಲ್ಕು ಡಿಗ್ರಿ ಅಗಲದ ಚೌಕ; ಎಚ್ ಅದರ ಹದಿನಾರು ಭಾಗಗಳಲ್ಲಿ ಒಂದು; 9 ಎಂಬುದು ಆ ಭಾಗದ ಹದಿನಾರು ತುಂಡುಗಳಲ್ಲಿ ಒಂದು. ಈ ಹಾಳೆಯ ಉತ್ತರದ ಅಂಚಾದ ಹದಿಮೂರನೆಯ ಅಕ್ಷಾಂಶ ನಗರದ ನಡುವೆಯೇ ಹಾಯುವುದರಿಂದ ಉತ್ತರದ ಬಡಾವಣೆಗಳು 57 ಜಿ/12ಕ್ಕೆ ಹೋಗುತ್ತವೆ. ಹೀಗೆ ಊರೊಂದು ಎರಡು ಹಾಳೆಗಳಲ್ಲಿ ಹಂಚಿಹೋಗುವುದರಿಂದ, ನಿಮ್ಮಲ್ಲಿರುವ ಹಾಳೆಗಳ ಚೌಕಗಳಿಗೆ ಬಣ್ಣ ತುಂಬಿದ ಸೂಚಿ ನಕ್ಷೆಯೊಂದನ್ನು ಗೋಡೆಗೆ ಹಾಕಿದರೆ ಓದುಗರಿಗೆ ಪಟ್ಟಿಗಿಂತ ಹೆಚ್ಚು ಉಪಯೋಗವಾಗುತ್ತದೆ. 2005ರ ನಕ್ಷಾ ನೀತಿಯ ಬಳಿಕ ಬಂದ ಮುಕ್ತ ಸರಣಿಯ, ಎಂದರೆ ಸಾರ್ವಜನಿಕ ಬಳಕೆಯ, ಹಾಳೆಗಳಿಗೆ ಬೇರೆ ಸಂಖ್ಯೆಗಳಿರುವುದರಿಂದ ಹಳೆಯ, ಹೊಸ ಸಂಖ್ಯೆಗಳೆರಡನ್ನೂ ನಮೂದಿಸಿ. ‘ನಿರ್ಬಂಧಿತ’ ಎಂದು ಅಚ್ಚಾಗಿರುವ ಹಾಳೆಗಳನ್ನು ಬೇರೆಯಾಗಿಟ್ಟು, ಪ್ರತಿ ಕೊಡುವ ಮೊದಲು ಸರ್ವೆ ಆಫ್ ಇಂಡಿಯಾ ಇಲಾಖೆಗೆ ಪತ್ರ ಬರೆದು ಕೇಳಿ.

ಲ್ಯಾಮಿನೇಷನ್ ಖಂಡಿತ ಬೇಡ. ನಾನು ಮೊದಲು ಕೆಲಸ ಮಾಡಿದ ಗ್ರಂಥಾಲಯದಲ್ಲಿ ಗ್ರಾಮ ನಕಾಶೆಯೊಂದಕ್ಕೆ ಹಾಗೆ ಮಾಡಿಸಿದ್ದರು. ಕೆಲವೇ ವರ್ಷಗಳಲ್ಲಿ ಪ್ಲಾಸ್ಟಿಕ್ ಹಳದಿಯಾಗಿ, ಬಿಡಿಸಲು ಹೋದಾಗ ಸರ್ವೆ ನಂಬರುಗಳ ಶಾಯಿಯೂ ಅದರೊಂದಿಗೇ ಎದ್ದುಬಂತು. ಆ ನೋವು ನನಗಿನ್ನೂ ಇದೆ. ಅಂಟುಟೇಪೂ ಬೇಡ. ಹರಿದಲ್ಲಿ ತೆಳುವಾದ ಜಪಾನಿ ಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಹಿಂಬದಿಗೆ ಹಚ್ಚಿ. ಮುಂದೆ ಬೇಕೆನಿಸಿದಾಗ ತೇವ ಮಾಡಿ ತೆಗೆಯಬಹುದು. ಮಡಿಕೆ ಬಿಡಿಸಿ, ಆಮ್ಲರಹಿತ ಕಾಗದದ ಹೊದಿಕೆಯಲ್ಲಿ ಆಳವಿಲ್ಲದ ಅಗಲ ಡ್ರಾಯರುಗಳಲ್ಲಿ ಮಲಗಿಸಿಡಿ. ಮಲೆನಾಡಿನ ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಬೀರು ಬೇಡ. ಒಂದು ವಾರ ಬಿಟ್ಟರೂ ಬೂಷ್ಟು ಹಿಡಿಯುತ್ತದೆ. ಹಾಳೆಯ ಮೇಲೆ ಗುರುತು ಹಾಕುವುದಿದ್ದರೆ ಪೆನ್ಸಿಲ್ ಮಾತ್ರ.

ಮೊದಲ ಸ್ಕ್ಯಾನು ಮುಳುಗಡೆ ಪ್ರದೇಶದ ಹಾಳೆಗಳದ್ದಾಗಲಿ. ‘ನಿರ್ಬಂಧಿತ’ ಅಲ್ಲದವುಗಳನ್ನು ದೊಡ್ಡದಾಗಿ ಮುದ್ರಿಸಿ, ಅಲ್ಲಿಂದ ಎದ್ದು ಬಂದ ಮನೆತನಗಳ ಹಿರಿಯರನ್ನು ಕರೆಸಿ, ನಕ್ಷೆಯಲ್ಲಿ ಇರದ ಕೇರಿ, ಕೆರೆ, ಬನಗಳ ಹೆಸರುಗಳನ್ನು ಆ ಪ್ರತಿಯ ಮೇಲೆ ಬರೆಸಿಕೊಳ್ಳಿ. ಅವರೆಲ್ಲ ಈಗ ಇಳಿವಯಸ್ಸಿನವರು. ಈ ಕೆಲಸವನ್ನು ಮುಂದಿನ ವರ್ಷಕ್ಕೆ ಹಾಕಬೇಡಿ.