ಸಂಪಾದಕರ ಉತ್ತರ: ಫ್ಯೂರಿ ಮುಂದೆ ಜೋ ಲೂಯಿಸ್ ನಿಲ್ಲುತ್ತಿದ್ದನೇ?

ಸೇಡಂನ ಓದುಗ ಮಿತ್ರರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಜೋ ಲೂಯಿಸ್‌ನಂಥ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಮತ್ತೆ ಹುಟ್ಟಲಿಲ್ಲ ಅಂತ ಬರೆದಿದ್ದೀರಿ. ಆತನ ತೂಕ 90 ಕೆ.ಜಿ. ಈ ಕಾಲದ ಟೈಸನ್ ಫ್ಯೂರಿ 6 ಅಡಿ 9 ಇಂಚು, 119 ಕೆ.ಜಿ. ಎರಡೇ ರೌಂಡಿನಲ್ಲಿ ಮುಗಿಸಿಬಿಡುತ್ತಾನೆ. ಹಳಬರನ್ನು ಹೊಗಳುವುದು ಹಿರಿಯರ ಚಟ ಸರ್, ಬಿಟ್ಟುಬಿಡಿ."

ಚಟ ಹೌದು. ಬಿಡುವ ಮನಸ್ಸಿಲ್ಲ.

ಮೊದಲು ನಿಮ್ಮ ಮಾತಿಗೊಂದು ಸೈ. ಇವತ್ತಿನವರ ಊಟ, ಕಸರತ್ತು, ತರಬೇತಿ ಎಲ್ಲ ಬೇರೆಯೇ. ಅಷ್ಟು ಎತ್ತರದ ಆಳು ಅಷ್ಟು ಹಗುರವಾಗಿ ಕಾಲಾಡಿಸುವುದು ಕಡಿಮೆ ಮಾತಲ್ಲ. ಆಯ್ತಲ್ವಾ? ಮುಂದೆ ಹೋಗೋಣ.

ತೂಕದ ಲೆಕ್ಕವನ್ನೇ ಹಿಡಿಯಿರಿ. 1935ರಲ್ಲಿ ನ್ಯೂಯಾರ್ಕಿನಲ್ಲಿ ಲೂಯಿಸ್ ಎದುರು ನಿಂತವನು ಇಟಲಿಯ ಪ್ರಿಮೊ ಕಾರ್ನೆರಾ. ಮಾಜಿ ಚಾಂಪಿಯನ್, ಹತ್ತಿರ ಹತ್ತಿರ ಆರೂವರೆ ಅಡಿ, 118 ಕೆ.ಜಿ. ನಿಮ್ಮ ಫ್ಯೂರಿಗಿಂತ ಒಂದು ಕೆ.ಜಿ. ಕಡಿಮೆ, ಅಷ್ಟೇ. ಆರನೇ ರೌಂಡಿನಲ್ಲಿ ರೆಫ್ರಿ ಪಂದ್ಯ ನಿಲ್ಲಿಸಿದರು, ಲೂಯಿಸ್‌ನನ್ನು ಉಳಿಸಲಿಕ್ಕಲ್ಲ. ಕಾರ್ನೆರಾಗೆ ಮೈ ಇತ್ತು, ಕಸುಬು ಇರಲಿಲ್ಲ ಅಂತೀರಾ? ಅದನ್ನೇ ನಾನೂ ಹೇಳುತ್ತಿರುವುದು! ಇನ್ನು ಫ್ಯೂರಿ. 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಆತನನ್ನು ಸೋಲಿಸಿದ ಒಲೆಕ್ಸಾಂಡರ್ ಉಸಿಕ್ ಸುಮಾರು 101 ಕೆ.ಜಿ.ಯವನು. ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಸೋಲಿಸಿದ. ನಿಮ್ಮ ಪತ್ರದಲ್ಲಿ ಈ ಸುದ್ದಿಯೇ ಇಲ್ಲ.

ನಮ್ಮ ಕಡೆ ಜಾತ್ರೆ ಕುಸ್ತಿ ನೋಡಿದ್ದೀರಲ್ಲ? ಪಟಗಾ ಸುತ್ತಿದ ಹಿರಿಯರು ಕಣದ ನಡುವೆ ನಿಂತು ಜೋಡಿ ಹಚ್ಚುತ್ತಾರೆ. ಹುಡುಗರ ಭುಜ ಮುಟ್ಟಿ ನೋಡುತ್ತಾರೆ, ಪಕ್ಕಪಕ್ಕ ನಿಲ್ಲಿಸುತ್ತಾರೆ, ಒಪ್ಪಿದರೆ ಇಬ್ಬರ ಕೈ ಕೂಡಿಸುತ್ತಾರೆ. ಆಳಂದದ ಕಡೆಯ ಒಂದು ಜಾತ್ರೆಯಲ್ಲಿ ಯಾರೋ "ಹಿಂದಕಿನ ಪೈಲ್ವಾನ್ ಇದ್ದಿದ್ರ ಇವನ್ನ ಎತ್ತಿ ಒಗೀತಿದ್ದ" ಅಂದರು. ಹಿರಿಯರು ತಿರುಗಿಯೂ ನೋಡದೆ, "ಕರಕೊಂಡ್ ಬಾ, ಜೋಡಿ ಹಚ್ತೀನಿ" ಅಂದರು. ಅವತ್ತಿನಿಂದ ಯಾರು ಯಾರನ್ನು ಹೊಡೆಯುತ್ತಿದ್ದ ಅಂತ ಕೇಳುವುದನ್ನು ಬಿಟ್ಟೆ. ತನ್ನ ಕಾಲದಲ್ಲಿ ಯಾರ ಕೈ ಹಿಡಿದ, ಯಾರ ಕೈ ತಪ್ಪಿಸಿದ ಅಂತ ನೋಡುತ್ತೇನೆ.

ಹಾಗೆ ನೋಡಿದರೆ ಲೂಯಿಸ್ 1937ರಿಂದ 1949ರವರೆಗೆ ಚಾಂಪಿಯನ್. 25 ಸಲ ಪಟ್ಟ ಉಳಿಸಿಕೊಂಡ. 1940ರ ಡಿಸೆಂಬರ್‌ನಿಂದ 1941ರ ಜೂನ್‌ವರೆಗೆ ತಿಂಗಳಿಗೊಂದು ಪಟ್ಟದ ಪಂದ್ಯ ಆಡಿದ. ಈಗಿನವರು ವರ್ಷಕ್ಕೆ ಎರಡು ಆಡಿದರೆ ಹೆಚ್ಚು. 1920ರ ದಶಕದ ಚಾಂಪಿಯನ್ ಜಾಕ್ ಡೆಂಪ್ಸಿಯ ಹೊಡೆತ ನನಗೂ ಇಷ್ಟ. ಆದರೆ ಕರಿಯ ಬಾಕ್ಸರ್ ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಸವಾಲು ಹಾಕಿದರೂ ಆ ಪಂದ್ಯ ನಡೆಯಲೇ ಇಲ್ಲ. ತಪ್ಪು ಡೆಂಪ್ಸಿಯದೋ ಪ್ರವರ್ತಕರದೋ, ನನ್ನ ಲೆಕ್ಕದಲ್ಲಿ ಅಂಕ ಕಡಿತ. 1915ರಲ್ಲಿ ಮೊದಲ ಕರಿಯ ಹೆವಿವೇಟ್ ಚಾಂಪಿಯನ್ ಜಾಕ್ ಜಾನ್ಸನ್ ಸೋತ ಮೇಲೆ ಲೂಯಿಸ್ ಬರುವ ತನಕ ಒಬ್ಬ ಕರಿಯನಿಗೂ ಹೆವಿವೇಟ್ ಪಟ್ಟದ ಪಂದ್ಯ ಸಿಗಲಿಲ್ಲ. ಆ 22 ವರ್ಷದ ಚಾಂಪಿಯನ್ನರನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ?

ನಿಯಮವೂ ಬದಲಾಗಿದೆ. ಆಗ ಪಟ್ಟದ ಪಂದ್ಯ 15 ರೌಂಡು. 1982ರಲ್ಲಿ ಕೊರಿಯಾದ ಕಿಮ್ ಡುಕ್ ಕೂ 14ನೇ ರೌಂಡಿನಲ್ಲಿ ಹೊಡೆತ ತಿಂದು ಬಿದ್ದು ತೀರಿಕೊಂಡ ಮೇಲೆ ಅದು 12ಕ್ಕೆ ಇಳಿಯಿತು. ಇಳಿದದ್ದು ಸರಿ. ಆದರೆ 1941ರ ಜೂನ್ ನೋಡಿ: ಬಿಲ್ಲಿ ಕಾನ್ ಎಂಬ ಹಗುರ ಮೈಯವನು 12 ರೌಂಡಿಗೆ ಇಬ್ಬರು ತೀರ್ಪುಗಾರರ ಚೀಟಿಯಲ್ಲಿ ಲೂಯಿಸ್‌ಗಿಂತ ಮುಂದಿದ್ದ. 13ನೇ ರೌಂಡಿನಲ್ಲಿ ಲೂಯಿಸ್ ಕೆಡವಿದ. ಇವತ್ತಿನ ನಿಯಮ ಇದ್ದಿದ್ದರೆ ಪಟ್ಟ ಕಾನ್‌ನ ಪಾಲಾಗುತ್ತಿತ್ತು, ನಾನು ಈ ಉತ್ತರವನ್ನೇ ಬರೆಯುತ್ತಿರಲಿಲ್ಲ.

ಕಾಲ ಮೀರಿ ಜೋಡಿ ಹಚ್ಚುವ ಆಟ ನಿಮ್ಮ ಮೊಬೈಲಿನಲ್ಲಿ ಹುಟ್ಟಿದ್ದೇನಲ್ಲ. 1969ರಲ್ಲಿ ನಿವೃತ್ತ ಚಾಂಪಿಯನ್ ರಾಕಿ ಮಾರ್ಸಿಯಾನೊ ಮತ್ತು ಮುಹಮ್ಮದ್ ಅಲಿ ಕ್ಯಾಮೆರಾ ಮುಂದೆ ಸುಮ್ನೆ ಗುದ್ದಾಡಿದರು, ಗೆದ್ದವರು ಯಾರೆಂದು ಕಂಪ್ಯೂಟರ್ ಹೇಳಿತು. ಅಮೆರಿಕದಲ್ಲಿ ತೋರಿಸಿದಾಗ ಮಾರ್ಸಿಯಾನೊ ಗೆದ್ದ, ಯುರೋಪಿನಲ್ಲಿ ಅಲಿ ಗೆದ್ದ. ವ್ಯಾಪಾರ ಸ್ವಾಮಿ, ಬರೀ ವ್ಯಾಪಾರ!

ಕೊನೆಗೆ ಒಂದು ಸಣ್ಣ ಸಿಟ್ಟು. ನೀವು ಫ್ಯೂರಿಯ ಇಂಚಿಂಚೂ ಬಲ್ಲಿರಿ. ಕೌರ್ ಸಿಂಗ್ ಗೊತ್ತೇ? ನಮ್ಮದೇ ಹೆವಿವೇಟ್. 1980ರಲ್ಲಿ ದೆಹಲಿಯಲ್ಲಿ ಅಲಿ ಜೊತೆ ಪ್ರದರ್ಶನ ಪಂದ್ಯ ಆಡಿದವರು, 1982ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದವರು. ಅವರೇ ಮುಪ್ಪಿನಲ್ಲಿ ಹೃದಯದ ಚಿಕಿತ್ಸೆಗೆ ಸಾಲ ಮಾಡಬೇಕಾಯಿತು. 2023ರಲ್ಲಿ ತೀರಿಕೊಂಡರು. ನಮ್ಮ ಜಿಲ್ಲೆಯ ಪೈಲ್ವಾನರ ಕಥೆ ಇನ್ನೇನು ಬೇರೆ? ಮಾಸಾಶನದ ಅರ್ಜಿ ಹಿಡಿದು ಕಚೇರಿಗೆ ಹೋದ ಒಬ್ಬ ಹಿರಿಯರನ್ನು, ಗೆದ್ದದ್ದಕ್ಕೆ ಸರ್ಟಿಫಿಕೇಟ್ ಎಲ್ಲಿ ಅಂತ ಕೇಳಿದರಂತೆ. ಅವರು ಗೆದ್ದದ್ದು ಬೆಳ್ಳಿ ಕಡಗ. ಮಗಳ ಮದುವೆಗೆ ಅದನ್ನೂ ಮಾರಿದ್ದರು.

ನೀವು ಬರೆಯುವ ಕೈ ಚೆನ್ನಾಗಿದೆ, ಸುಮ್ನೆ ಹೊಗಳುತ್ತಿಲ್ಲ. ಸೇಡಂ ಸುತ್ತಮುತ್ತ ತಾಲೀಮಿನಲ್ಲಿ ಬೆಳೆದ ಹಳೆಯ ಪೈಲ್ವಾನರು ಇದ್ದೇ ಇರುತ್ತಾರೆ. ಒಬ್ಬರನ್ನು ಹುಡುಕಿ, ಮಾತಾಡಿಸಿ, ಎರಡು ಪುಟ ಬರೆದು ಕಳಿಸಿ. ಯಾರ ಜೊತೆ ಹಿಡಿದರು, ಎಲ್ಲಿ, ಎಷ್ಟು ಹೊತ್ತು ಅಂತ ಕೇಳುವುದನ್ನು ಮರೆಯಬೇಡಿ. ಫೋಟೋ ಇದ್ದರೆ ಜೊತೆಗಿಡಿ, ವಾಪಸ್ ಕಳಿಸುವ ಜವಾಬ್ದಾರಿ ನಮ್ಮದು.

- ಸಂಪಾದಕ, ಕಲಬುರಗಿ